ಲ್ಯಾಬ್ ಕೊಡಿಸಲು ದುಡ್ಡಿದೆ, ಆರನೇ ವರ್ಷ ನಡೆಸಲು ಯಾಕಿಲ್ಲ? ಸರ್ಕಾರಿ ಶಾಲೆಯ ಕಂಪ್ಯೂಟರ್ ಖರ್ಚಿನ ಬಗ್ಗೆ ಮಾತಾಡೋಣ

ಗಣಿತದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಈ ವರ್ಷ ವರ್ಗಾವಣೆಯಾಗಿ ಹೊಸ ಶಾಲೆಗೆ ಬಂದೆ. ಬಂದ ವಾರವೇ ಹೆಚ್‌ಎಂ ಒಂದು ಕೀಲಿಕೈ ಕೊಟ್ಟು, "ಸರ್, ಕಂಪ್ಯೂಟರ್ ಲ್ಯಾಬ್ ಚಾರ್ಜ್ ನಿಮ್ಮದು" ಅಂದರು.

ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ತೆಗೆಯಬೇಕಾಯಿತು. ಒಳಗೆ ಹನ್ನೊಂದು ಕಂಪ್ಯೂಟರ್. ಒಂದೊಂದಕ್ಕೂ ಹೂವಿನ ಚಿತ್ರದ ಬಟ್ಟೆಯ ಹೊದಿಕೆ. ಹಿಂದೆ ಇದ್ದ ಟೀಚರ್ ಒಬ್ಬರು ತಾವೇ ಬಟ್ಟೆ ತಂದು ಹೊಲಿದು ಹಾಕಿದ್ದರಂತೆ. ಮೂಲೆಯಲ್ಲಿ ಯುಪಿಎಸ್. ಪಕ್ಕದಲ್ಲಿದ್ದ ಬ್ಯಾಟರಿಗಳಲ್ಲಿ ಎರಡು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ಸ್ವಿಚ್ ಹಾಕಿದೆ. ಮೂರು ಯಂತ್ರ ಮಾತ್ರ ಶುರುವಾದವು. ಮೇಜಿನ ಡ್ರಾಯರ್‌ನಲ್ಲಿ ಲಾಗ್ ಪುಸ್ತಕ ಸಿಕ್ಕಿತು. ಮೊದಲ ವರ್ಷಗಳಲ್ಲಿ ಪ್ರತಿ ದಿನ ಸಹಿ ಇದೆ. ಎಂಟನೇ ತರಗತಿ ಎ ವಿಭಾಗ, ಪೇಂಟ್. ಒಂಬತ್ತನೇ ತರಗತಿ, ಎಕ್ಸೆಲ್. ಆಮೇಲೆ ವಾರಕ್ಕೊಂದು ಸಹಿ. ಆಮೇಲೆ ಖಾಲಿ ಹಾಳೆಗಳು.

ಲೆಕ್ಕ ಹಾಕಿ ನೋಡಿದೆ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯ ನಿಯಮದಲ್ಲಿ ಒಂದು ಲ್ಯಾಬ್ ಕಟ್ಟಲು 6.40 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. ನಡೆಸಲು ವರ್ಷಕ್ಕೆ 2.40 ಲಕ್ಷದವರೆಗೆ, ಅದೂ ಐದು ವರ್ಷ. ಒಟ್ಟು 18.40 ಲಕ್ಷ ಆಯಿತು. ನಮ್ಮಲ್ಲಿ 160 ಮಕ್ಕಳು. ಅಂದರೆ ಮಗುವೊಂದಕ್ಕೆ ವರ್ಷಕ್ಕೆ 2,300 ರೂಪಾಯಿ. ಇದು ಜಾಸ್ತಿ ಆಯಿತು ಅಂತ ನಾನು ಹೇಳುವುದಿಲ್ಲ. ಬಡವರ ಮಕ್ಕಳಿಗೆ ಇದರ ಎರಡರಷ್ಟು ಖರ್ಚು ಮಾಡಿದರೂ ನನಗೆ ಸಂತೋಷವೇ. ನನ್ನ ಪ್ರಶ್ನೆ ಆರನೇ ವರ್ಷದ್ದು.

ಐದು ವರ್ಷ ಮುಗಿದ ಮೇಲೆ ಆ 2.40 ಲಕ್ಷ ನಿಂತುಹೋಗುತ್ತದೆ. ಆಗ ಶಾಲೆ ಕೈಯಲ್ಲಿ ಉಳಿಯುವುದು ಸಂಯುಕ್ತ ಶಾಲಾ ಅನುದಾನ ಮಾತ್ರ. 100ರಿಂದ 250 ಮಕ್ಕಳಿರುವ ಶಾಲೆಗೆ ಅದು ವರ್ಷಕ್ಕೆ 50,000 ರೂಪಾಯಿ. ಸೀಮೆಸುಣ್ಣ, ರಿಜಿಸ್ಟರ್, ನಲ್ಲಿ, ಶೌಚಾಲಯದ ಸ್ವಚ್ಛತೆ, ಸುಣ್ಣಬಣ್ಣ ಎಲ್ಲ ಅದರಲ್ಲೇ ಆಗಬೇಕು. ಬ್ಯಾಟರಿ ಬದಲಿಸಿದರೆ ಅರ್ಧ ಅನುದಾನ ಅಲ್ಲಿಗೇ ಮುಗಿಯಿತು. ನಿಮ್ಮ ಶಾಲೆಗಳಲ್ಲಿ ಆರನೇ ವರ್ಷ ಏನಾಯಿತು? ದಯವಿಟ್ಟು ಬರೆಯಿರಿ.

ಎಸ್‌ಡಿಎಂಸಿ ಸದಸ್ಯೆ

ಸರ್, ನಮ್ಮದು ಹಿರಿಯ ಪ್ರಾಥಮಿಕ ಶಾಲೆ. ಅದರ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ, ನಾನು ಸದಸ್ಯೆ. ಎರಡು ವರ್ಷದ ಹಿಂದೆ ದಾನಿಗಳು ಸ್ಮಾರ್ಟ್ ಬೋರ್ಡ್ ಕೊಟ್ಟರು. ಊರಿಗೆಲ್ಲ ಸಂಭ್ರಮ. ನನ್ನ ಮಗಳು ಅವತ್ತು ಮನೆಗೆ ಬಂದು, "ಅಮ್ಮ, ಹೃದಯ ಹೇಗೆ ಬಡ್ಕೊಳ್ಳುತ್ತೆ ಅಂತ ತೋರಿಸಿದರು" ಅಂತ ರಾತ್ರಿವರೆಗೂ ಹೇಳಿದಳು. ಅದನ್ನು ನಾನು ಮರೆಯಲ್ಲ.

ಆದರೆ ಆ ಬೋರ್ಡ್ ಹಾಕಿದ ಕೋಣೆ ಮಳೆಗಾಲದಲ್ಲಿ ಸೋರುತ್ತದೆ. ಜೂನ್‌ನಿಂದ ಅದಕ್ಕೆ ನೀಲಿ ಟಾರ್ಪಾಲ್ ಸುತ್ತಿ ಇಟ್ಟಿದ್ದಾರೆ. ಹೆಂಚು ತೆಗೆದು ಸರಿಮಾಡಿಸಲು ಹಣ ಕೇಳಿದರೆ ಯಾರೂ ಮುಂದೆ ಬರಲಿಲ್ಲ. ಬೋರ್ಡ್ ಕೊಡುವವರು ಇದ್ದಾರೆ, ಹೆಂಚು ಕೊಡುವವರು ಇಲ್ಲ. ಇಂಟರ್ನೆಟ್‌ಗೆ ಈಗಲೂ ಹೆಡ್ ಮೇಡಂ ತಮ್ಮ ಫೋನಿನ ಹಾಟ್‌ಸ್ಪಾಟ್ ಕೊಡುತ್ತಾರೆ. ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಅಲ್ವಾ?

ರಿಪೇರಿ ಕೆಲಸದವನು

ಮೇಷ್ಟ್ರೇ, ನಾನು ಒಂದು ಗುತ್ತಿಗೆ ಕಂಪನಿ ಪರವಾಗಿ ಮೂರು ತಾಲ್ಲೂಕಿನ ಶಾಲೆಗಳಿಗೆ ಸರ್ವಿಸ್‌ಗೆ ಹೋಗುತ್ತಿದ್ದೆ. ಈಗ ಸ್ವಂತ ಅಂಗಡಿ ಇದೆ. ನೀವು ಹೇಳಿದ ಕೋಣೆಯನ್ನು ಎಷ್ಟು ಊರಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ಮೊದಲು ಸಾಯುವುದು ಕಂಪ್ಯೂಟರ್ ಅಲ್ಲ, ಬ್ಯಾಟರಿ. ಏಪ್ರಿಲ್-ಮೇ ರಜೆಗೆ ಮುಂಚೆ ಹೆಚ್‌ಎಂ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕುತ್ತಾರೆ. ಬೆಂಕಿ ಭಯಕ್ಕೆ ಹಾಗೆ ಮಾಡುತ್ತಾರೆ, ತಪ್ಪಲ್ಲ. ಆದರೆ ಲೆಡ್ ಆಸಿಡ್ ಬ್ಯಾಟರಿ ಎರಡು ತಿಂಗಳು ಚಾರ್ಜ್ ಇಲ್ಲದೆ ಕೂತರೆ ಒಳಗಿನ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಕಟ್ಟುತ್ತದೆ. ಜೂನ್‌ನಲ್ಲಿ ಸ್ವಿಚ್ ಹಾಕಿದರೆ ಅರ್ಧ ಗಂಟೆ ಬರುತ್ತಿದ್ದುದು ಹತ್ತು ನಿಮಿಷಕ್ಕೆ ಇಳಿದಿರುತ್ತದೆ. ಮೂರು ಬೇಸಿಗೆ ಕಳೆದರೆ ಬ್ಯಾಟರಿ ಮುಗಿಯಿತು. ಬ್ಯಾಟರಿ ಹೋದ ಮೇಲೆ ಕರೆಂಟ್ ಹೋದಾಗಲೆಲ್ಲ ಯಂತ್ರಗಳು ದಬ್ ಅಂತ ಆಫ್ ಆಗುತ್ತವೆ. ಅಲ್ಲಿಂದ ಹಾರ್ಡ್ ಡಿಸ್ಕ್ ಸಾಯಲು ಶುರು.

ಎರಡನೆಯದು ಶೇರ್ಡ್ ಕಂಪ್ಯೂಟಿಂಗ್. ಒಂದು ಸಿಪಿಯು, ಅದಕ್ಕೆ ನಾಲ್ಕೈದು ಮಾನಿಟರ್. ಕೊಳ್ಳುವಾಗ ಖರ್ಚು ಕಡಿಮೆ. ಆದರೆ ಆ ಒಂದು ಸಿಪಿಯು ಕೆಟ್ಟರೆ ಐದೂ ಪರದೆ ಕಪ್ಪು. ಹತ್ತು ಮಕ್ಕಳು ಸುಮ್ನೆ ಕೂರಬೇಕು.

ಮೂರನೆಯದು ವಿಂಡೋಸ್. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಬೆಂಬಲ ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11 ಹಾಕಬೇಕು ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಹಳೆ ಪ್ರೊಸೆಸರ್ ನಡೆಯುವುದಿಲ್ಲ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನೇ "ಹಳೆಯದಾಯಿತು, ಹೊಸದು ತಗೊಳ್ಳಿ" ಅಂತ ಹೇಳಿದಂತೆ ಆಯಿತು. ನನ್ನ ಅನುಭವದಲ್ಲಿ ಹತ್ತು ವರ್ಷದ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಶಾಲೆಯ ಕೆಲಸಕ್ಕೆ ಇನ್ನೂ ನಾಲ್ಕು ವರ್ಷ ಸಾಕು.

ಒಂದು ಮಾತು ಮಾತ್ರ ನೋವಿನಿಂದ ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಕಡೆ ತಿಂಗಳಿಗೆ ಇಷ್ಟು ಶಾಲೆಗೆ ಹೋಗಿ ಸಹಿ ತರಬೇಕು ಅಂತ ಗುರಿ ಕೊಡುತ್ತಿದ್ದರು. ಯಂತ್ರ ಓಡಿತೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ಸಹಿ ಇದ್ದರೆ ಬಿಲ್ ಪಾಸ್. ಬಿಡಿಭಾಗ ಕೇಳಿದರೆ "ಮುಂದಿನ ವಾರ" ಅನ್ನುತ್ತಿದ್ದರು. ನಾನು ಬರಿಗೈಯಲ್ಲಿ ಹೋಗಿ, ಟೀಚರ್ ಕೊಟ್ಟ ಕಾಫಿ ಕುಡಿದು, ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಆ ಕೆಲಸ ಬಿಟ್ಟಿದ್ದು ಅದಕ್ಕೇ.

ಗಣಿತದ ಮೇಷ್ಟ್ರು

ತಮ್ಮಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಬೇಸಿಗೆ ರಜೆ ಬ್ಯಾಟರಿ ಕೊಲ್ಲುತ್ತದೆ ಅಂತ ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಯಾವ ತರಬೇತಿಯಲ್ಲೂ ಇದು ಬಂದಿಲ್ಲ.

ಎರಡು ಕೊಠಡಿ ಶಾಲೆ

ಕ್ಷಮಿಸಿ, ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಐದು ತರಗತಿಗೆ ಎರಡು ಕೊಠಡಿ, ಇಬ್ಬರು ಶಿಕ್ಷಕರು. ಅವರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. ಇಂಥ ಕಡೆ ಕಂಪ್ಯೂಟರ್ ಅಂದರೆ ನೀರಲ್ಲಿ ಹೋಮ ಮಾಡಿದಂತೆ. 18 ಲಕ್ಷದಲ್ಲಿ ಒಂದು ಕೊಠಡಿ ಎದ್ದು ನಿಲ್ಲುತ್ತಿತ್ತು. ಸಣ್ಣ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಕಾರ್ಡು, ತಟ್ಟೆ, ಏಣಿ ಚಾರ್ಟು, ಮಕ್ಕಳು ಕೂರಲು ಚಾಪೆ. ಕರೆಂಟ್ ಬೇಡ, ಪಾಸ್‌ವರ್ಡ್ ಬೇಡ. ಅದನ್ನು ಕಟ್ಟಿದವರು ಶಿಕ್ಷಕರು. ಅದಕ್ಕೇ ಇವತ್ತಿಗೂ ನಡೆಯುತ್ತಿದೆ. ನಮಗೆ ಶಿಕ್ಷಕರನ್ನು ಕೊಡಿ. ಯಂತ್ರ ಆಮೇಲೆ ನೋಡೋಣ.

ಹಳೆ ವಿದ್ಯಾರ್ಥಿನಿ

ಸರ್, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ "ಆಮೇಲೆ" ಅನ್ನುವ ಮಾತು ಕೇಳಿದರೆ ನನಗೆ ಭಯವಾಗುತ್ತದೆ.

ನಾನು ಮಾಹಿತಿ ಸಿಂಧು ಅನ್ನುವ ಕಂಪ್ಯೂಟರ್ ಶಿಕ್ಷಣ ಯೋಜನೆಯ ಕಾಲದ ಹುಡುಗಿ. 2001ರ ಹೊತ್ತಿಗೆ ರಾಜ್ಯದ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗೆ ಅದು ಬಂತು. ನಮ್ಮ ಊರಿನ ಶಾಲೆಯೂ ಅದರಲ್ಲಿ ಒಂದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಒಂದು ಯಂತ್ರಕ್ಕೆ ಮೂವರು. ಮಧ್ಯದಲ್ಲಿ ಕೂತವಳಿಗೆ ಕೀಬೋರ್ಡ್, ಬಲಗಡೆಯವಳಿಗೆ ಮೌಸ್, ಎಡಗಡೆಯವಳು ನೋಡಬೇಕು. ಪ್ರತಿ ವಾರ ಜಾಗ ಬದಲು. ನಾನು ಮೊದಲ ಸಲ ನನ್ನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದ್ದು ಅಲ್ಲೇ. ಅಪ್ಪ ಹಮಾಲಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಟಿವಿ ಕೂಡ ಇರಲಿಲ್ಲ. ಆಮೇಲೆ ಡಿಪ್ಲೊಮಾ ಸೇರಿದಾಗ ಕಂಪ್ಯೂಟರ್ ಮುಂದೆ ಕೂರಲು ನನಗೆ ಹೆದರಿಕೆ ಆಗಲಿಲ್ಲ. ಪಟ್ಟಣದ ಹುಡುಗರ ಸಮಕ್ಕೆ ಕೂತೆ. ಆ ಖರ್ಚು ಯಾವ ವರದಿಯ ಲೆಕ್ಕದಲ್ಲಿ ವ್ಯರ್ಥ ಅಂತ ಬರೆದಿದೆಯೋ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಅಲ್ಲ.

ಆದರೆ ನಿಜ ಹೇಳಬೇಕು. ನಮಗೆ ಕಲಿಸುತ್ತಿದ್ದವರು ಕಂಪನಿ ಕಡೆಯ ಒಬ್ಬ ಅಣ್ಣ. ನನ್ನ ತಮ್ಮ ಅದೇ ಶಾಲೆ ಸೇರುವ ಹೊತ್ತಿಗೆ ಒಪ್ಪಂದ ಮುಗಿದು ಆ ಅಣ್ಣ ಹೋಗಿಬಿಟ್ಟಿದ್ದರು. ತಮ್ಮ ಮೂರು ವರ್ಷ ಆ ಕೋಣೆಯ ಕಿಟಕಿಯಿಂದ ಇಣುಕಿದ್ದಷ್ಟೇ.

ನಿವೃತ್ತ ಗುಮಾಸ್ತ

ತಂಗಿ ಹೇಳಿದ್ದು ಮುಖ್ಯವಾದ ವಿಷಯ. ಆ ಮಾದರಿಗೆ ಬೂಟ್ ಅಂತ ಹೆಸರು. ಕಂಪನಿಯೇ ಲ್ಯಾಬ್ ಕಟ್ಟಬೇಕು, ತನ್ನ ಒಡೆತನದಲ್ಲಿಟ್ಟು ನಡೆಸಬೇಕು, ಅವಧಿ ಮುಗಿದ ಮೇಲೆ ಶಾಲೆಗೆ ಒಪ್ಪಿಸಬೇಕು. 2004ರ ಡಿಸೆಂಬರ್‌ನಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಕೇಂದ್ರದ ಐಸಿಟಿ ಯೋಜನೆ ಬಂದ ಮೇಲೆ ಎಷ್ಟೋ ರಾಜ್ಯಗಳು ಇದನ್ನೇ ಹಿಡಿದವು. ಕಚೇರಿಗೆ ಇದು ಸುಲಭ. ಒಂದು ಟೆಂಡರ್, ಒಂದು ಒಪ್ಪಂದ, ಕಂತು ಕಂತಾಗಿ ಬಿಲ್. ಆದರೆ ಶಿಕ್ಷಕರಿಗೆ ಲ್ಯಾಬ್ ಬಾಡಿಗೆ ಮನೆಯಂತೆ ಆಯಿತು. ಬೇರೆಯವರ ವಸ್ತು, ಮುಟ್ಟಿದರೆ ಕೆಟ್ಟರೆ ಅಂತ ದೂರ ಉಳಿದರು.

ನಾನು ಮೂವತ್ತು ವರ್ಷ ಲೆಕ್ಕಪತ್ರ ನೋಡಿದವನು. ಆರನೇ ವರ್ಷದ ಪ್ರಶ್ನೆಗೆ ನನಗೆ ಕಂಡ ಉತ್ತರ ಇದು. ಹೊಸದು ಕೊಳ್ಳುವುದಕ್ಕೆ ಬಜೆಟ್‌ನಲ್ಲಿ ಒಂದು ಶೀರ್ಷಿಕೆ ಇರುತ್ತದೆ, ಯೋಜನೆಗೆ ಹೆಸರಿರುತ್ತದೆ, ಉದ್ಘಾಟನೆ ಇರುತ್ತದೆ. ಹಳೆಯದನ್ನು ಕಾಪಾಡುವುದಕ್ಕೆ ಹೆಸರಿಲ್ಲ. ಮಾರ್ಚ್ 31ರ ಒಳಗೆ ಖರ್ಚು ತೋರಿಸಿ ಹಣಬಳಕೆ ಪ್ರಮಾಣಪತ್ರ ಕಳಿಸಬೇಕು. ಫೆಬ್ರವರಿಯಲ್ಲಿ ದುಡ್ಡು ಬಂದರೆ ಬ್ಯಾಟರಿ ನೀರು ನೋಡುವ ಕೆಲಸಕ್ಕೆ ಖರ್ಚು ಮಾಡಲು ಆಗುವುದಿಲ್ಲ, ಪೆಟ್ಟಿಗೆ ತುಂಬ ಸಾಮಾನು ಕೊಳ್ಳಲು ಆಗುತ್ತದೆ.

ಇನ್ನೊಂದು ಗಂಟು ಇದೆ. ಕೆಟ್ಟ ಯಂತ್ರವನ್ನು ದಾಸ್ತಾನು ವಹಿಯಿಂದ ತೆಗೆಯಲು ಯಾವ ಹೆಚ್‌ಎಂಗೂ ಧೈರ್ಯ ಬರುವುದಿಲ್ಲ. ವಿಲೇವಾರಿಗೆ ತಜ್ಞರ ಪ್ರಮಾಣಪತ್ರ ಬೇಕು, ಸಮಿತಿ ಬೇಕು, ಮೇಲಿನವರ ಆದೇಶ ಬೇಕು. ನಾಳೆ ಆಡಿಟ್‌ನಲ್ಲಿ "ಎಲ್ಲಿ ಹೋಯಿತು" ಅಂದರೆ ಸಂಬಳದಲ್ಲಿ ಕಡಿತ ಆಗುವ ಭಯ. ಅದಕ್ಕೆ ಎಲ್ಲರೂ ಬೀಗ ಹಾಕಿ ಮುಂದಿನವರಿಗೆ ಚಾರ್ಜ್ ಕೊಟ್ಟು ಹೋಗುತ್ತಾರೆ. ವಹಿಯಲ್ಲಿ ಹನ್ನೊಂದು ಇರುತ್ತದೆ. ಮೇಜಿನ ಮೇಲೆ ಮೂರು ಓಡುತ್ತದೆ. ಮೇಲಿನ ಕಚೇರಿಗೆ ಹೋಗುವುದು ಹನ್ನೊಂದರ ಲೆಕ್ಕ. ಆ ಶಾಲೆಗೆ ಲ್ಯಾಬ್ ಇದೆ ಅಂತ ಆದ ಮೇಲೆ ಹೊಸದು ಹೇಗೆ ಬರುತ್ತದೆ? ನಾನೇ ಇಂಥ ಪಟ್ಟಿಗಳನ್ನು ಟೈಪ್ ಮಾಡಿದ್ದೇನೆ. ಈಗ ನೆನೆಸಿಕೊಂಡರೆ ಬೇಸರವಾಗುತ್ತದೆ.

ಕಾಸರಗೋಡಿನ ಟೀಚರ್

ಮಾಷ್ಟ್ರೇ, ನಾನು ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿದ್ದೇನೆ. ಸಮಾಜ ವಿಜ್ಞಾನ ನನ್ನ ವಿಷಯ. ಕಂಪ್ಯೂಟರ್ ಓದಿದವಳಲ್ಲ. ಆದರೂ ನಮ್ಮ ಲ್ಯಾಬ್ ನನ್ನ ಜವಾಬ್ದಾರಿಯಲ್ಲಿ ಆರು ವರ್ಷ ನಡೆಯಿತು. ಹೇಗೆ ಅಂತ ಹೇಳುತ್ತೇನೆ.

ಕೇರಳದಲ್ಲಿ ಐಟಿ ಒಂದು ಪಾಠದ ವಿಷಯ. ಅದಕ್ಕೆ ಕನ್ನಡದಲ್ಲೂ ಪಠ್ಯಪುಸ್ತಕ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿ ಐಟಿ ಪರೀಕ್ಷೆಯನ್ನು ಮಕ್ಕಳು ಕಂಪ್ಯೂಟರ್ ಮುಂದೆಯೇ ಕೂತು ಬರೆಯಬೇಕು. ಇದರಿಂದ ಏನಾಗುತ್ತದೆ ಗೊತ್ತುಂಟಾ? ಪರೀಕ್ಷೆ ಹತ್ತಿರ ಬಂದ ಹಾಗೆ ಹೆಚ್‌ಎಂ, ಪೋಷಕರು, ಮಕ್ಕಳು ಎಲ್ಲರಿಗೂ ಲ್ಯಾಬ್ ಓಡಲೇಬೇಕು ಅಂತ ಚಿಂತೆ. ಕೆಟ್ಟದ್ದನ್ನು ಹಾಗೇ ಬಿಡಲು ಆಗುವುದಿಲ್ಲ.

ಎರಡನೆಯದು, ನಮ್ಮಲ್ಲಿ ಹೊರಗಿನ ಕಂಪನಿಯವರು ಪಾಠ ಮಾಡಲು ಬರಲಿಲ್ಲ. 2001ರಲ್ಲಿ ಐಟಿ@ಸ್ಕೂಲ್ ಅನ್ನುವ ಸರ್ಕಾರಿ ಯೋಜನೆ ಶುರುವಾದಾಗಿನಿಂದ ಶಿಕ್ಷಕರಲ್ಲೇ ಆಸಕ್ತಿ ಇರುವವರನ್ನು ಆರಿಸಿ ಮಾಸ್ಟರ್ ಟ್ರೈನರ್ ಮಾಡಿದರು. ಅವರು ಉಳಿದವರಿಗೆ ಕಲಿಸಿದರು. ನನಗೆ ಕಲಿಸಿದವರು ಒಬ್ಬರು ಜೀವಶಾಸ್ತ್ರದ ಟೀಚರ್. ಸ್ವತಂತ್ರ ತಂತ್ರಾಂಶ ಬಳಸುವುದರಿಂದ ಲೈಸೆನ್ಸ್ ಖರ್ಚು ಇಲ್ಲ. ಉಬುಂಟು ಅನ್ನುವ ಲಿನಕ್ಸ್ ಮೇಲೆ ಶಾಲೆಗೆ ಬೇಕಾದ್ದನ್ನೆಲ್ಲ ಸೇರಿಸಿ ಒಂದೇ ಕಡೆಯಿಂದ ಕೊಡುತ್ತಾರೆ. ಎಲ್ಲ ಶಾಲೆಯಲ್ಲೂ ಅದೇ ಇರುವುದರಿಂದ ಪಕ್ಕದ ಶಾಲೆಯ ಟೀಚರಿಗೆ ಫೋನ್ ಮಾಡಿದರೆ ಉತ್ತರ ಸಿಗುತ್ತದೆ.

ಇದನ್ನು ಸರ್ಕಾರ ಪುಕ್ಕಟೆ ಮಾಡಲಿಲ್ಲ. 2018ರಲ್ಲಿ ಹೈಟೆಕ್ ಯೋಜನೆ ಬಂತು. 4,752 ಶಾಲೆಗಳಲ್ಲಿ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟರು. ದೊಡ್ಡ ಖರ್ಚೇ. ಆದರೆ ನೋಡಿಕೊಳ್ಳಲು ಕೈಟ್ ಅಂತ ಒಂದು ಕಾಯಂ ಸರ್ಕಾರಿ ಸಂಸ್ಥೆ ಉಂಟು. ಯೋಜನೆ ಮುಗಿದರೂ ಸಂಸ್ಥೆ ಮುಗಿಯುವುದಿಲ್ಲ. ನನಗೆ ತೋರುವ ಹಾಗೆ ನಿಮ್ಮ ಆರನೇ ವರ್ಷಕ್ಕೆ ಉತ್ತರ ಅದೇ. ಲಿಟಲ್ ಕೈಟ್ಸ್ ಅಂತ ಮಕ್ಕಳ ಕ್ಲಬ್ ಉಂಟು. ನಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಕೇಬಲ್ ಸಡಿಲವಾದರೆ ಮೊದಲು ಏಳುವುದು ಆ ಕ್ಲಬ್‌ನ ಮಕ್ಕಳು.

ಎಲ್ಲವೂ ಚೆನ್ನ ಅಂತ ಅಲ್ಲ. ನಾನು ಹೋದ ತರಬೇತಿಗಳು ಹೆಚ್ಚಾಗಿ ಮಲಯಾಳದಲ್ಲೇ ಇದ್ದವು. ಕನ್ನಡ ಸಾಮಗ್ರಿಗೆ ಕಾದದ್ದೂ ಉಂಟು. ಗಡಿನಾಡಿನ ಮಕ್ಕಳಿಗೆ ಆ ನೋವು ಬೇರೆಯೇ.

ಗಣಿತದ ಮೇಷ್ಟ್ರು

ಟೀಚರ್, ನಿಮ್ಮ ಮಾತನ್ನು ಎರಡು ಸಲ ಓದಿದೆ. ನಮ್ಮಲ್ಲೂ ಪ್ರಯತ್ನ ಆಗಿಲ್ಲ ಅಂತಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಹಿಂದೆಯೇ ಕೇರಳದ ದಾರಿಯನ್ನೂ ನಮ್ಮ ಗುತ್ತಿಗೆ ದಾರಿಯನ್ನೂ ಹೋಲಿಸಿ ವರದಿ ಕೊಟ್ಟಿತ್ತು. ಆಮೇಲೆ ವಿಷಯ ಶಿಕ್ಷಕರ ವೇದಿಕೆ ಬಂತು. ಶಿಕ್ಷಕರೇ ಪಾಠದ ಸಾಮಗ್ರಿ ಬರೆದು ಕೋಯರ್ ಜಾಲತಾಣಕ್ಕೆ ಹಾಕಿದರು. 2016-17ರಿಂದ ಶಿಕ್ಷಕರಿಗೆ ತಂತ್ರಜ್ಞಾನ ಕಲಿಸುವ ಟ್ಯಾಲ್ಪ್ ಯೋಜನೆ ಬಂತು. ನಾನೂ ಆ ತರಬೇತಿಗೆ ಹೋಗಿ ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶ ಕಲಿತೆ. ಒಳ್ಳೆಯ ತರಬೇತಿ. ವಾಪಸ್ ಬಂದಾಗ ನನ್ನ ಹಿಂದಿನ ಶಾಲೆಯಲ್ಲಿ ಓಡುತ್ತಿದ್ದುದು ಒಂದೇ ಕಂಪ್ಯೂಟರ್. ಅದರಲ್ಲಿ ಮಕ್ಕಳ ದಾಖಲೆಯ ಎಸ್‌ಎಟಿಎಸ್ ಎಂಟ್ರಿ, ಬಿಸಿಯೂಟದ ಮಾಹಿತಿ, ವಿದ್ಯಾರ್ಥಿವೇತನದ ಅರ್ಜಿ. ಮಕ್ಕಳಿಗೆ ಸಿಗುವುದೇ ಇಲ್ಲ.

ಚಾಮರಾಜನಗರದ ಹಳೆ ಶಿಕ್ಷಕ

ನಮ್ಮ ಜಿಲ್ಲೆಯ ಕತೆ ಸೇರಿಸುತ್ತೇನೆ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಶಿಕ್ಷಣಕ್ಕೇ ಅಂತ ಮೀಸಲಾದ ಉಪಗ್ರಹ. ಪ್ರಾಥಮಿಕ ಶಾಲೆಗೆ ಅದರ ಪ್ರಯೋಗ ನಡೆದದ್ದು ನಮ್ಮ ಚಾಮರಾಜನಗರದಲ್ಲಿ. 885 ಶಾಲೆಗಳು. ಚಾವಣಿ ಮೇಲೆ ಡಿಶ್, ತರಗತಿಯಲ್ಲಿ ಟಿವಿ. ನಮ್ಮ ಹಿಂದುಳಿದ ಜಿಲ್ಲೆಯನ್ನು ಆರಿಸಿದರು ಅಂತ ನಮಗೆ ಹೆಮ್ಮೆ.

ಪಾಠಗಳು ಚೆನ್ನಾಗಿದ್ದವು. ಆದರೆ ಪಾಠ ಬರುವುದು ಗೊತ್ತಾದ ಹೊತ್ತಿಗೆ. ಹನ್ನೊಂದು ಗಂಟೆಗೆ ಅಂದರೆ ಹನ್ನೊಂದಕ್ಕೇ. ನಮ್ಮ ಕರೆಂಟ್ ಹೋಗುತ್ತಿದ್ದುದೂ ಹೆಚ್ಚಾಗಿ ಆಗಲೇ. ಒಂದು ಸಲ ಭಿನ್ನರಾಶಿ ಪಾಠ. ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಒಂದನ್ನು ಎತ್ತುವಷ್ಟರಲ್ಲಿ ಟಿವಿ ಆಫ್. ಮಕ್ಕಳು "ಸಾ, ಆಮೇಲೇನಾಯ್ತು" ಅಂತ ಕೇಳುತ್ತಾರೆ. ನಾನು ಅಡುಗೆ ಮನೆಯಿಂದ ಒಂದು ತಟ್ಟೆ ತಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮುಗಿಸಿದೆ. ಆ ಪಾಠವನ್ನು ನಿಲ್ಲಿಸಿ ಮತ್ತೆ ನೋಡಲು ನಮಗೆ ದಾರಿ ಇರಲಿಲ್ಲ.

2010ರಲ್ಲಿ ಉಪಗ್ರಹದ ಕೆಲಸ ಮುಗಿಯಿತು. ಡಿಶ್‌ಗಳು ಎಷ್ಟೋ ವರ್ಷ ಚಾವಣಿ ಮೇಲೇ ಇದ್ದವು.

ಸಂಶೋಧನೆ ಮಾಡುತ್ತಿರುವವಳು

ಈ ಚರ್ಚೆಗೆ ಹೊರಗಿನ ಎರಡು ಅನುಭವ ಹೇಳಬಹುದು ಅನಿಸಿತು.

ಒಂದು ಪೆರು ದೇಶದ್ದು. ಮಗುವಿಗೊಂದು ಲ್ಯಾಪ್‌ಟಾಪ್ ಅನ್ನುವ ಯೋಜನೆಯಲ್ಲಿ ಅವರು ಎಂಟು ಲಕ್ಷಕ್ಕೂ ಹೆಚ್ಚು ಯಂತ್ರ ಕೊಂಡರು. ಒಂದಕ್ಕೆ ಸುಮಾರು 200 ಡಾಲರ್. ಅಮೆರಿಕ ಖಂಡದ ಅಭಿವೃದ್ಧಿ ಬ್ಯಾಂಕ್ 319 ಹಳ್ಳಿ ಶಾಲೆಗಳಲ್ಲಿ ಅಧ್ಯಯನ ಮಾಡಿತು. ಹದಿನೈದು ತಿಂಗಳ ನಂತರ ನೋಡಿದರೆ ಗಣಿತದಲ್ಲೂ ಭಾಷೆಯಲ್ಲೂ ಏನೂ ವ್ಯತ್ಯಾಸ ಕಾಣಲಿಲ್ಲ. ಇದೇ ಯೋಜನೆಯನ್ನು 2006ರಲ್ಲಿ ನಮ್ಮ ಕೇಂದ್ರ ಸರ್ಕಾರ ಬೇಡ ಅಂದಿತ್ತು.

ಇನ್ನೊಂದು ದೆಹಲಿಯದು. 2015ರಲ್ಲಿ ಮೈಂಡ್‌ಸ್ಪಾರ್ಕ್ ಅನ್ನುವ ತಂತ್ರಾಂಶ ಬಳಸಿ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕಲಿಸಿದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಒಳ್ಳೆಯ ಪ್ರಗತಿ ಕಂಡಿತು. ಯಾಕೆ ಅಂದರೆ ಆ ತಂತ್ರಾಂಶ ಮಗು ಯಾವ ತರಗತಿಯಲ್ಲಿದೆ ಅಂತ ನೋಡಲಿಲ್ಲ, ಮಗುವಿಗೆ ಎಷ್ಟು ಬರುತ್ತದೆ ಅಂತ ನೋಡಿತು. ಎಂಟನೇ ತರಗತಿಯಲ್ಲಿದ್ದು ಐದನೇ ತರಗತಿಯ ಲೆಕ್ಕ ಬಾರದ ಮಗುವಿಗೆ ಐದರಿಂದಲೇ ಶುರುಮಾಡಿತು. ಮೊದಲದ್ದರಲ್ಲಿ ಸಾಮಾನು ಕೊಟ್ಟರು. ಎರಡನೆಯದರಲ್ಲಿ ಮಗುವಿನ ಕಷ್ಟ ಏನು ಅಂತ ಮೊದಲು ಕೇಳಿದರು.

ಲಾಸ್ ಏಂಜಲೀಸ್‌ನಿಂದ

ಶ್ರೀಮಂತ ದೇಶದಲ್ಲೂ ಇದೇ ಆಗಿದೆ. 2013ರಲ್ಲಿ ಲಾಸ್ ಏಂಜಲೀಸ್ ಶಾಲಾ ಜಿಲ್ಲೆ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡಲು ಹೊರಟಿತು. ನೂರು ಕೋಟಿ ಡಾಲರ್ ಮೀರುವ ಯೋಜನೆ. ತಂತ್ರಾಂಶ ಸೇರಿ ಒಂದಕ್ಕೆ 768 ಡಾಲರ್. ಕೆಲವೇ ದಿನಗಳಲ್ಲಿ ಮಕ್ಕಳು ಲಾಕ್ ಬಿಚ್ಚಿಬಿಟ್ಟರು. ಒಳಗಿನ ಪಾಠಗಳು ಪೂರ್ತಿ ಸಿದ್ಧವೇ ಇರಲಿಲ್ಲ. 2014ರಲ್ಲಿ ಒಪ್ಪಂದ ರದ್ದಾಯಿತು, ಜಿಲ್ಲೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ನನಗೆ ಮರೆಯಲು ಆಗದ್ದು ಒಂದೇ. ಆ ಹಣ ಬಂದದ್ದು ಶಾಲೆ ಕಟ್ಟಡಗಳಿಗೆ ಅಂತ ಜನ ಒಪ್ಪಿದ್ದ ಬಾಂಡ್ ಸಾಲದಿಂದ. ಮೂರು ನಾಲ್ಕು ವರ್ಷ ಬಾಳುವ ವಸ್ತುವಿಗೆ ದಶಕಗಳ ಕಾಲ ತೀರಿಸುವ ಸಾಲ. ಇಲ್ಲಿ ತೆರಿಗೆ ಕಟ್ಟುವ ಎಲ್ಲರಿಗೂ ಅದು ಕಣ್ಣಿಗೆ ಕಂಡ ಲೆಕ್ಕ.

ಎರಡು ಕೊಠಡಿ ಶಾಲೆ

ಹಳೆ ವಿದ್ಯಾರ್ಥಿನಿ ಅಕ್ಕನ ಮಾತು ಓದಿದ ಮೇಲೆ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಕಂಪ್ಯೂಟರ್ ಬೇಡ ಅಲ್ಲ. ಆದರೆ ಎಣಿಸುವಾಗ ನಮ್ಮ ಸಮಯವನ್ನೂ ಎಣಿಸಿ. ಒಬ್ಬ ಶಿಕ್ಷಕ ಲ್ಯಾಬ್ ಸರಿಮಾಡುತ್ತಾ ಕೂತರೆ ಆ ಹೊತ್ತಿಗೆ ಎರಡು ತರಗತಿ ಖಾಲಿ. ಆ ಖರ್ಚಿಗೆ ಬಿಲ್ ಇಲ್ಲ.

ಎಸ್‌ಡಿಎಂಸಿ ಸದಸ್ಯೆ

ಕರೆಂಟ್ ಬಿಲ್ ಬಗ್ಗೆ ಯಾರೂ ಹೇಳಲಿಲ್ಲ. ಮೊದಲು ನಮ್ಮ ಶಾಲೆ ಬಿಲ್ ಕಟ್ಟಲು ಅನುದಾನದಲ್ಲೇ ತೆಗೆಯಬೇಕಿತ್ತು. ಬಿಲ್ ಜಾಸ್ತಿ ಬರುತ್ತದೆ ಅಂತಲೇ ಫ್ಯಾನ್ ಕೂಡ ಹಾಕುತ್ತಿರಲಿಲ್ಲ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟ್, ನೀರು ಉಚಿತ ಅಂತ ಮುಖ್ಯಮಂತ್ರಿ ಘೋಷಿಸಿದರು. ಅದು ನಿಜವಾಗಿ ದೊಡ್ಡ ಸಹಾಯ. ಬೋರ್ಡ್ ಕೊಡುವುದಕ್ಕಿಂತ ದೊಡ್ಡದು ಅಂತ ನನಗೆ ಅನಿಸುತ್ತದೆ.

ರಿಪೇರಿ ಕೆಲಸದವನು

ಮೇಷ್ಟ್ರೇ, ನಿಮ್ಮ ಊರು ನನಗೆ ಬಹಳ ದೂರ ಇಲ್ಲ ಅನಿಸುತ್ತದೆ. ಒಂದು ಭಾನುವಾರ ಬರುತ್ತೇನೆ. ಕೂಲಿ ಬೇಡ. ಸಾಮಾನಿನ ದುಡ್ಡು ಮಾತ್ರ ನೋಡಿಕೊಳ್ಳಿ.

ಗಣಿತದ ಮೇಷ್ಟ್ರು

ಮೂರು ವಾರ ಆಯಿತು. ಏನಾಯಿತು ಅಂತ ಬರೆಯುತ್ತೇನೆ.

ರಿಪೇರಿ ಕೆಲಸದ ತಮ್ಮ ಹೇಳಿದಂತೆ ಬಂದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೂತರು. ಹತ್ತನೇ ತರಗತಿಯ ನಾಲ್ಕು ಮಕ್ಕಳೂ ಬಂದಿದ್ದರು. ಮೊದಲ ಯಂತ್ರ ಬಿಚ್ಚಿ ರ‍್ಯಾಮ್ ತೆಗೆದು, "ರಬ್ಬರ್ ಇದೆಯಾ ಪುಟ್ಟಿ" ಅಂತ ಒಬ್ಬ ಹುಡುಗಿಯನ್ನು ಕೇಳಿದರು. ಅವಳು ಕಂಪಾಸ್ ಬಾಕ್ಸ್‌ನಿಂದ ರಬ್ಬರ್ ಕೊಟ್ಟಳು. ಅದರಿಂದಲೇ ರ‍್ಯಾಮ್‌ನ ಹಳದಿ ತುದಿ ಉಜ್ಜಿ ಮತ್ತೆ ಕೂರಿಸಿದರು. ಯಂತ್ರ ಶುರುವಾಯಿತು. ಆ ಹುಡುಗಿಯ ಮುಖ ನೋಡಬೇಕಿತ್ತು. ಎರಡನೆಯದನ್ನು ಅವಳೇ ಬಿಚ್ಚಿದಳು.

ಲೆಕ್ಕ ಇಲ್ಲಿದೆ. ನಾಣ್ಯದಂಥ ಸಣ್ಣ ಸೆಲ್ ಎಂಟು, 320 ರೂಪಾಯಿ. ಎಸ್‌ಎಸ್‌ಡಿ ನಾಲ್ಕು, 6,400. ಯಂತ್ರಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಎರಡು, 1,800. ಮೌಸ್ ಆರು, 1,500. ಒಟ್ಟು 10,020. ಹಳೆ ವಿದ್ಯಾರ್ಥಿಗಳು ಆರು ಸಾವಿರ ಕೊಟ್ಟರು. ಉಳಿದದ್ದಕ್ಕೆ ಎಸ್‌ಡಿಎಂಸಿ ಸಭೆಯಲ್ಲಿ ಒಪ್ಪಿಗೆ ಪಡೆದೆವು. ಈಗ ಎಂಟು ಯಂತ್ರ ಓಡುತ್ತಿವೆ, ಎಲ್ಲದರಲ್ಲೂ ಲಿನಕ್ಸ್. ಮೂರು ಯಂತ್ರ ಬಿಡಿಭಾಗಕ್ಕೆ ಇಟ್ಟಿದ್ದೇವೆ.

ಹೋದ ಶನಿವಾರ ಒಂಬತ್ತನೇ ತರಗತಿಗೆ ಮೊದಲ ಪಾಠ. ಜಿಯೋಜೀಬ್ರಾದಲ್ಲಿ ತ್ರಿಭುಜ ಬರೆದು ಮೂರು ಕೋನ ಕೂಡಿಸಲು ಹೇಳಿದೆ. ತುದಿ ಹಿಡಿದು ಎಳೆದಂತೆಲ್ಲ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180ರಲ್ಲೇ ನಿಲ್ಲುತ್ತದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಇಡೀ ವರ್ಷ ಬಾಯಿ ಬಿಡದವನು, ತುದಿಯನ್ನು ಪರದೆಯ ಅಂಚಿನವರೆಗೂ ಎಳೆದು ನೋಡಿದ. "ಸರ್, ಎಷ್ಟು ಎಳೆದರೂ ಬಿಡಲ್ಲ ಇದು" ಅಂದ. ಬೋರ್ಡ್ ಮೇಲೆ ಹತ್ತು ತ್ರಿಭುಜ ಬರೆದರೂ ಅವನಿಂದ ಈ ಮಾತು ಬರುತ್ತಿರಲಿಲ್ಲ.

ಬ್ಯಾಟರಿ ಇನ್ನೂ ಇಲ್ಲ. ಕರೆಂಟ್ ಇರುವ ಹೊತ್ತಿಗೆ ಪಾಠ. ಹೊಸ ಬ್ಯಾಟರಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಪತ್ರ ಬರೆಯಬೇಕು. ಗುಮಾಸ್ತರೇ, ಹೇಗೆ ಬರೆದರೆ ಅದು ಕಡತದಲ್ಲಿ ನಿಲ್ಲುತ್ತದೆ?

ನಿವೃತ್ತ ಗುಮಾಸ್ತ

ಬಹಳ ಸಂತೋಷವಾಯಿತು ಮೇಷ್ಟ್ರೇ. ಪತ್ರದಲ್ಲಿ "ಬ್ಯಾಟರಿ ಕೊಡಿ" ಅಂತ ಮಾತ್ರ ಬರೆಯಬೇಡಿ. ದಾಸ್ತಾನು ವಹಿಯ ಪುಟ ಸಂಖ್ಯೆ ಹಾಕಿ. ಹನ್ನೊಂದರಲ್ಲಿ ಎಂಟು ಸುಸ್ಥಿತಿ, ಮೂರು ದುರಸ್ತಿಗೆ ಯೋಗ್ಯವಲ್ಲ ಅಂತ ಬೇರೆ ಬೇರೆ ಬರೆಯಿರಿ. ಆ ಮೂರಕ್ಕೆ ವಿಲೇವಾರಿ ಅನುಮತಿಯನ್ನು ಅದೇ ಪತ್ರದಲ್ಲಿ ಕೇಳಿ. ಅನುಮತಿ ಬರುವವರೆಗೆ ಅವುಗಳ ಬಿಡಿಭಾಗ ತೆಗೆಯಬೇಡಿ, ಆಮೇಲೆ ತೊಂದರೆ. ಲ್ಯಾಬ್ ಮತ್ತೆ ಶುರುವಾದ ದಿನದಿಂದ ಇವತ್ತಿನವರೆಗಿನ ಲಾಗ್ ಪುಸ್ತಕದ ನಕಲು, ಎಸ್‌ಡಿಎಂಸಿ ನಡಾವಳಿ, 10,020 ರೂಪಾಯಿಯ ಬಿಲ್‌ಗಳು ಲಗತ್ತಿಸಿ. ಮೂರು ಅಂಗಡಿಯ ಬ್ಯಾಟರಿ ದರಪಟ್ಟಿಯೂ ಇರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಕರಡು ಬರೆದು ಇಲ್ಲಿ ಹಾಕಿ, ನಾನು ತಿದ್ದಿಕೊಡುತ್ತೇನೆ.

ಎಸ್‌ಡಿಎಂಸಿ ಸದಸ್ಯೆ

ಅದರ ಒಂದು ಪ್ರತಿ ನನಗೂ ಬೇಕು. ನಮ್ಮ ಹೆಂಚಿಗೂ ಹೀಗೇ ಬರೆಯಬಹುದಾ?

ನಿವೃತ್ತ ಗುಮಾಸ್ತ

ಬರೆಯಬಹುದಮ್ಮ. ಅದಕ್ಕೆ ಗ್ರಾಮ ಪಂಚಾಯಿತಿಗೂ ಒಂದು ಪ್ರತಿ ಕೊಡಿ. ಬೋರ್ಡ್‌ಗೆ ಟಾರ್ಪಾಲ್ ಸುತ್ತಿದ ಫೋಟೊ ತೆಗೆದು ಜೊತೆಗೆ ಇಡಿ, ತಾರೀಖು ಕಾಣುವ ಹಾಗೆ.